ಔಷಧದ ಪರೀಕ್ಷೆಗೆ ಪ್ರಾಣಿಗಳೇ ಬೇಕಾ? ಓದುಗರ ಪ್ರಶ್ನೆಗಳಿಗೆ ಉತ್ತರ

ಹೊಸ ಔಷಧವನ್ನು ಮನುಷ್ಯರಿಗೆ ಕೊಡುವ ಮೊದಲು ಇಲಿ, ಮೊಲ, ನಾಯಿಗಳಿಗೆ ಕೊಟ್ಟು ನೋಡುತ್ತಾರೆ, ಈಗ ಅದಕ್ಕೆ ಬೇರೆ ದಾರಿಗಳು ಬರುತ್ತಿವೆ ಎಂದು ಹೋದ ಸಂಚಿಕೆಯಲ್ಲಿ ನಾಲ್ಕು ಸಾಲು ಬರೆದಿದ್ದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಕಡೆಯಿಂದ ಪ್ರಶ್ನೆಗಳು ಬಂದಿವೆ. ಕೆಲವರು ಸಿಟ್ಟಿನಿಂದ ಬರೆದಿದ್ದಾರೆ, ಕೆಲವರು ಹೆದರಿ ಬರೆದಿದ್ದಾರೆ. ಒಂದೇ ತರಹದವನ್ನು ಸೇರಿಸಿ ಉತ್ತರ ಕೊಟ್ಟಿದ್ದೇನೆ.

ಪ್ರಶ್ನೆ: ಮೇಡಂ, ನಾವು ಶೆಡ್ಡಿನಲ್ಲಿ ದ್ರಾಕ್ಷಿ ಒಣಗಿಸುತ್ತೇವೆ. ಕೆಳಗೆ ಬಿದ್ದ ಮಣೂಕ ತಿಂದು ನಮ್ಮ ನಾಯಿ ವಾಂತಿ ಮಾಡಿಕೊಂಡಿತು. ಅದು ನಾಯಿಗೆ ವಿಷ ಅಂತ ಪಶು ಡಾಕ್ಟರು ಬೈದರು. ನಮ್ಮ ಮೊಮ್ಮಕ್ಕಳು ಜೇಬಿನಲ್ಲಿ ತುಂಬಿಕೊಂಡು ತಿನ್ನುವುದು ನಾಯಿಗೆ ಹೇಗೆ ವಿಷ ಆಗುತ್ತದೆ?
– ದ್ರಾಕ್ಷಿ ಬೆಳೆಗಾರರು, ತಿಕೋಟಾ

ಉತ್ತರ: ಡಾಕ್ಟರು ಹೇಳಿದ್ದು ನಿಜ, ಯಜಮಾನರೇ. ದ್ರಾಕ್ಷಿ ಅಥವಾ ಒಣದ್ರಾಕ್ಷಿ ತಿಂದ ಕೆಲವು ನಾಯಿಗಳ ಕಿಡ್ನಿ ಎರಡು ಮೂರು ದಿನದಲ್ಲೇ ಕೆಲಸ ನಿಲ್ಲಿಸಿಬಿಡುತ್ತದೆ. ಒಣಗಿಸುವ ಮೊದಲು ಗೊನೆಗಳನ್ನು ಅದ್ದುವ ಡಿಪ್ಪಿಂಗ್ ಆಯಿಲ್‌ನಿಂದ ಹೀಗಾಯಿತಾ ಅಂತ ನಿಮಗೆ ಅನುಮಾನ ಬಂದಿರಬಹುದು. ಅದಲ್ಲ. ಬಳ್ಳಿಯಿಂದ ಆಗಷ್ಟೇ ಕಿತ್ತ ಹಣ್ಣೂ ಹೀಗೇ ಮಾಡುತ್ತದೆ. ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲವೇ ಕಾರಣ ಇರಬೇಕು ಎಂದು ಪಶುವೈದ್ಯರು ಈಗ ಹೇಳುತ್ತಿದ್ದಾರೆ. ರ್‍ಯಾಕಿನ ಕೆಳಗೆ ಬಿದ್ದದ್ದನ್ನು ಸಂಜೆ ಗುಡಿಸಿ ತೆಗೆಸಿ, ನಾಯಿಯನ್ನು ಶೆಡ್ಡಿನಿಂದ ದೂರ ಕಟ್ಟಿ. ಮತ್ತೊಮ್ಮೆ ತಿಂದರೆ ವಾಂತಿ ಆಗುವವರೆಗೂ ಕಾಯಬೇಡಿ, ನೇರ ಡಾಕ್ಟರ ಹತ್ತಿರ ಒಯ್ಯಿರಿ.

ಈ ಅಂಕಣಕ್ಕೆ ಬಂದ ಎಲ್ಲ ಪ್ರಶ್ನೆಗಳಲ್ಲಿ ನಿಮ್ಮದನ್ನೇ ಮೊದಲು ಇಟ್ಟಿದ್ದಕ್ಕೆ ಕಾರಣ ಇದೆ. ದ್ರಾಕ್ಷಿ ಅನ್ನುವುದು ಇವತ್ತು ಲ್ಯಾಬಿನಲ್ಲಿ ಹುಟ್ಟಿದ ಹೊಸ ಔಷಧ, ಅದನ್ನು ಮೊದಲು ನಾಯಿಗೆ ಕೊಟ್ಟು ನೋಡುತ್ತಾರೆ ಅಂತ ಇಟ್ಟುಕೊಳ್ಳಿ. ನಾಯಿಯ ಕಿಡ್ನಿ ಕೆಟ್ಟಿತು ಅಂತ ಬರೆದು ಫೈಲು ಮುಚ್ಚಿಬಿಡುತ್ತಿದ್ದರು. ಮನುಷ್ಯನ ಬಾಯಿಗೆ ಅದು ಬರುತ್ತಲೇ ಇರಲಿಲ್ಲ. ನಾವು ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್ ಒಂದೇ ಗುಳಿಗೆ ಬೆಕ್ಕನ್ನು ಕೊಲ್ಲಬಹುದು. ಮೊಣಕಾಲು ನೋವಿಗೆ ನುಂಗುವ ಡೈಕ್ಲೋಫೆನಾಕ್ ದನಗಳಿಗೆ ಕೊಟ್ಟರೆ ದನಗಳಿಗೆ ಆರಾಮಾಗುತ್ತಿತ್ತು, ಆದರೆ ಆ ದನ ಸತ್ತ ಮೇಲೆ ತಿಂದ ರಣಹದ್ದುಗಳು ಕಿಡ್ನಿ ಕೆಟ್ಟು ಸತ್ತವು. ಅದಕ್ಕೇ ದನಗಳಿಗೆ ಆ ಔಷಧವನ್ನು 2006ರಲ್ಲಿ ನಮ್ಮ ದೇಶದಲ್ಲಿ ನಿಷೇಧಿಸಿದರು. ಅಷ್ಟರಲ್ಲಿ ರಣಹದ್ದುಗಳ ಸಂತತಿ ಬಹುಪಾಲು ಮುಗಿದಿತ್ತು.

ಇದು ಉಲ್ಟಾ ಆದಾಗ ಮನುಷ್ಯರು ಸಾಯುತ್ತಾರೆ. 1993ರಲ್ಲಿ ಅಮೆರಿಕದಲ್ಲಿ ಹೆಪಟೈಟಿಸ್ ಬಿ ಇದ್ದ 15 ಜನರಿಗೆ ಫಿಯಾಲ್ಯುರಿಡಿನ್ ಎಂಬ ಹೊಸ ಔಷಧ ಕೊಟ್ಟರು. ಪ್ರಾಣಿಗಳಲ್ಲಿ ಅದು ಲಿವರಿಗೆ ತೊಂದರೆ ಮಾಡಿರಲಿಲ್ಲ. ಆ 15 ಜನರಲ್ಲಿ 5 ಜನ ತೀರಿಕೊಂಡರು, ಇನ್ನಿಬ್ಬರು ಬೇರೆಯವರ ಲಿವರ್ ಹಾಕಿಸಿಕೊಂಡು ಬದುಕಿದರು. ಕಾರಣ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ನಮ್ಮ ಜೀವಕೋಶಕ್ಕೆ ಶಕ್ತಿ ತಯಾರಿಸಿ ಕೊಡುವ ಮೈಟೊಕಾಂಡ್ರಿಯ ಎಂಬ ಭಾಗಕ್ಕೆ ಆ ಔಷಧವನ್ನು ಒಳಗೆ ಬಿಡುವ ಒಂದು ಬಾಗಿಲಿದೆ, ಇಲಿಗೆ ಆ ಜಾಗದಲ್ಲಿ ಆ ಬಾಗಿಲೇ ಇಲ್ಲ. ಇಲಿ ಸುಳ್ಳು ಹೇಳಲಿಲ್ಲ. ತನ್ನ ಮೈಗೆ ಏನಾಗುತ್ತದೋ ಅದನ್ನಷ್ಟೇ ತೋರಿಸಿತು. ಕೇಳಬೇಕಾದ್ದು ನಮ್ಮ ಮೈಯನ್ನು.

ಪ್ರಶ್ನೆ: ಕೆಮ್ಮಿನ ಸಿರಪ್ ಕುಡಿದು ಮಕ್ಕಳು ಸತ್ತ ಸುದ್ದಿ ಓದಿದಾಗಿನಿಂದ ಮಗನಿಗೆ ಯಾವ ಔಷಧ ಕೊಡಲಿಕ್ಕೂ ಕೈ ನಡುಗುತ್ತದೆ. ಈಗಲೇ ಹಿಂಗಾದರೆ, ಪ್ರಾಣಿಗಳ ಮೇಲಿನ ಪರೀಕ್ಷೆಯನ್ನೂ ತೆಗೆದುಬಿಟ್ಟರೆ ಗತಿಯೇನು?
– ಗೃಹಿಣಿ, ಇಳಕಲ್ಲ

ಉತ್ತರ: ಅಕ್ಕಾ, ನಿಮ್ಮ ಭಯ ಸುಮ್ನೆ ಅಲ್ಲ. 2022ರಲ್ಲಿ ಆಫ್ರಿಕಾದ ಗ್ಯಾಂಬಿಯಾದಲ್ಲಿ ಸುಮಾರು 70 ಮಕ್ಕಳು ತೀರಿಕೊಂಡರು, ಅವು ನಮ್ಮ ದೇಶದಿಂದ ಹೋದ ಸಿರಪ್‌ಗಳು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ 20ಕ್ಕೂ ಹೆಚ್ಚು ಮಕ್ಕಳು ಹೋದರು. ಬರೆಯುವಾಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಆದರೆ ಅಲ್ಲಿ ತಪ್ಪಿದ್ದು ಪ್ರಾಣಿ ಪರೀಕ್ಷೆ ಅಲ್ಲ. ಸಿರಪ್‌ನಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ಕಾರ್ಖಾನೆಯ ದ್ರಾವಕ ಸೇರಿತ್ತು. ಅದು ಸಿಹಿಯಾಗಿರುತ್ತದೆ, ಬಣ್ಣ ಇರುವುದಿಲ್ಲ, ಕಿಡ್ನಿಯನ್ನು ಹಾಳು ಮಾಡುತ್ತದೆ. ಅದು ಇದೆಯೋ ಇಲ್ಲವೋ ಎಂದು ಗ್ಯಾಸ್ ಕ್ರೊಮ್ಯಾಟೊಗ್ರಫಿ ಯಂತ್ರ ಖಚಿತವಾಗಿ ಹೇಳುತ್ತದೆ. ಬಂದ ಪ್ರತಿ ಡ್ರಮ್ ಕಚ್ಚಾ ಮಾಲನ್ನು, ತಯಾರಾದ ಪ್ರತಿ ಬ್ಯಾಚನ್ನು ಹೀಗೆ ನೋಡಿ ಹೊರಗೆ ಬಿಟ್ಟಿದ್ದರೆ ಆ ಮಕ್ಕಳು ಇವತ್ತು ಶಾಲೆಗೆ ಹೋಗುತ್ತಿದ್ದರು. ಇಲಿಯೂ ಬೇಡ, ಮೊಲವೂ ಬೇಡ, ಮಾಡಬೇಕಾದ ಕೆಲಸ ಮಾಡುವ ಮನಸ್ಸು ಬೇಕಿತ್ತು.

ಇನ್ನೊಂದು ವಿಷಯ ಹೇಳಲೇಬೇಕು. ಇದೇ ಡೈಎಥಿಲೀನ್ ಗ್ಲೈಕಾಲ್ 1937ರಲ್ಲಿ ಅಮೆರಿಕದಲ್ಲೂ 100ಕ್ಕೂ ಹೆಚ್ಚು ಜನರನ್ನು ಕೊಂದಿತ್ತು, ಅವರಲ್ಲಿ ಮಕ್ಕಳೂ ಇದ್ದರು. ಸಲ್ಫಾನಿಲಮೈಡ್ ಎಂಬ ಒಳ್ಳೆಯ ಔಷಧವನ್ನು ಕುಡಿಯುವ ಔಷಧ ಮಾಡಬೇಕೆಂದು ಈ ದ್ರಾವಕದಲ್ಲಿ ಕರಗಿಸಿ, ಏನನ್ನೂ ಪರೀಕ್ಷಿಸದೆ ಮಾರಿದ್ದರು. ಆ ಸಾವುಗಳಿಂದಾಗಿಯೇ 1938ರಲ್ಲಿ ಅಲ್ಲಿ ಹೊಸ ಕಾನೂನು ಬಂತು. ಔಷಧ ಸುರಕ್ಷಿತ ಎಂದು ತೋರಿಸದೆ ಮಾರುವಂತಿಲ್ಲ ಎಂದಾಯಿತು. ಆಗಿನ ಕಾಲಕ್ಕೆ ಸುರಕ್ಷಿತ ಅಂತ ತೋರಿಸಲು ಪ್ರಾಣಿ ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಆ ಕಾನೂನು ತಪ್ಪಲ್ಲ, ಅದು ಎಷ್ಟೋ ಜೀವ ಉಳಿಸಿದೆ.

ಈಗ ಬದಲಾಗಿದ್ದೇನು ಅಂದರೆ, 2022ರ ಡಿಸೆಂಬರಿನಲ್ಲಿ ಅಮೆರಿಕ ಆ ಕಾನೂನಿಗೆ ತಿದ್ದುಪಡಿ ತಂದು ಪ್ರಾಣಿಯೇ ಆಗಬೇಕು ಅನ್ನುವ ಕಡ್ಡಾಯವನ್ನು ತೆಗೆಯಿತು. 2023ರ ಮಾರ್ಚಿನಲ್ಲಿ ನಮ್ಮ ಸರ್ಕಾರವೂ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳನ್ನು ತಿದ್ದಿತು. ಮನುಷ್ಯರ ಜೀವಕೋಶ, ಅಂಥ ಜೀವಕೋಶ ಬೆಳೆಸಿದ ಚಿಪ್, ಕಂಪ್ಯೂಟರ್ ಲೆಕ್ಕ ಇವುಗಳ ಫಲಿತಾಂಶವನ್ನೂ ಈಗ ಸಲ್ಲಿಸಬಹುದು. 2025ರ ಏಪ್ರಿಲ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಮೊನೊಕ್ಲೋನಲ್ ಆಂಟಿಬಾಡಿ ಎಂಬ ಗುಂಪಿನ ಔಷಧಗಳಿಂದ ಶುರುಮಾಡಿ ಪ್ರಾಣಿ ಪರೀಕ್ಷೆಯನ್ನು ಹಂತಹಂತವಾಗಿ ಕಡಿಮೆ ಮಾಡುತ್ತೇವೆ ಎಂದಿತು. ಅಂದರೆ ಪರೀಕ್ಷೆ ಬಿಟ್ಟಿಲ್ಲ ಅಕ್ಕಾ, ಪರೀಕ್ಷೆಯ ದಾರಿ ಬದಲಾಗುತ್ತಿದೆ. ಮಗನಿಗೆ ಏನು ಕೊಡಬೇಕು ಅನ್ನುವುದಕ್ಕೆ ನನ್ನ ಮಾತು ಇಷ್ಟೇ: ಡಾಕ್ಟರು ಬರೆಯದೆ ಸಣ್ಣ ಮಕ್ಕಳಿಗೆ ಕೆಮ್ಮಿನ ಸಿರಪ್ ಕೊಡಲೇಬೇಡಿ. ಬಹಳಷ್ಟು ಕೆಮ್ಮು ತಾನಾಗಿಯೇ ಹೋಗುತ್ತದೆ.

ಪ್ರಶ್ನೆ: ನಮ್ಮ ಕಾಲೇಜಿನಲ್ಲಿ ಕಪ್ಪೆಯ ಹೃದಯದ ಪ್ರಯೋಗವನ್ನು ಸಾಫ್ಟ್‌ವೇರ್‌ನಲ್ಲಿ ತೋರಿಸುತ್ತಾರೆ. ಕೈಯಾರೆ ಮಾಡದೆ ನಾವು ಏನಾದರೂ ಕಳೆದುಕೊಳ್ಳುತ್ತಿದ್ದೇವಾ? ಮತ್ತೆ ಈ ‘ಆರ್ಗನ್ ಆನ್ ಎ ಚಿಪ್’ ಒಳಗೆ ನಿಜವಾಗಿ ಏನಿರುತ್ತದೆ?
– ಬಿ.ಫಾರ್ಮಾ ವಿದ್ಯಾರ್ಥಿನಿ, ಬೆಳಗಾವಿ

ಉತ್ತರ: ಏನೂ ಕಳೆದುಕೊಂಡಿಲ್ಲ, ತಂಗಿ. ನಾವು ಕಲಿಯುವಾಗ ಕಪ್ಪೆಯ ಬೆನ್ನುಹುರಿಗೆ ಸೂಜಿ ಚುಚ್ಚಿ, ಎದೆ ತೆರೆದು, ಬಡಿಯುತ್ತಿರುವ ಹೃದಯದ ತುದಿಗೆ ದಾರ ಕಟ್ಟುತ್ತಿದ್ದೆವು. ದಾರದ ಇನ್ನೊಂದು ತುದಿಗೆ ಒಂದು ತೆಳ್ಳನೆಯ ಕಡ್ಡಿ. ಎದುರಿಗೆ ಹೊಗೆಯ ಮಸಿ ಹಿಡಿಸಿದ ಕಾಗದ ಸುತ್ತಿದ ಡ್ರಮ್ಮು ನಿಧಾನಕ್ಕೆ ತಿರುಗುತ್ತಿತ್ತು. ಹೃದಯ ಬಡಿದಂತೆ ಕಡ್ಡಿ ಮಸಿಯನ್ನು ಕೆರೆದು ಬಿಳಿ ಗೆರೆ ಎಳೆಯುತ್ತಿತ್ತು. ಅಡ್ರಿನಾಲಿನ್ ಹನಿಸಿದರೆ ಗೆರೆ ಎತ್ತರ, ಅಸಿಟೈಲ್‌ಕೋಲಿನ್ ಹನಿಸಿದರೆ ಗಿಡ್ಡ. ಆಮೇಲೆ ಕಾಗದವನ್ನು ವಾರ್ನಿಷ್‌ನಲ್ಲಿ ಅದ್ದಿ ಒಣಗಿಸಿ ರೆಕಾರ್ಡ್ ಬುಕ್ಕಿಗೆ ಅಂಟಿಸುವುದು. ಆ ಗೆರೆ ಹೇಗೆ ಬರುತ್ತದೆ ಎಂದು ಪಠ್ಯಪುಸ್ತಕದಲ್ಲಿ ಮೊದಲೇ ಅಚ್ಚಾಗಿರುತ್ತಿತ್ತು. ಎಲ್ಲರಿಗೂ ಗೊತ್ತಿದ್ದ ಉತ್ತರಕ್ಕಾಗಿ ಪ್ರತಿ ಬ್ಯಾಚಿನಲ್ಲೂ ಕಪ್ಪೆಗಳು ಸಾಯುತ್ತಿದ್ದವು. ಈಗ ಫಾರ್ಮಸಿ ಕೌನ್ಸಿಲ್‌ನ ಪಠ್ಯಕ್ರಮವೇ ಇವನ್ನು ಸಾಫ್ಟ್‌ವೇರ್ ಮತ್ತು ವಿಡಿಯೊ ಮೂಲಕ ತೋರಿಸಿ ಎನ್ನುತ್ತದೆ. ಕೈಯಾರೆ ಮಾಡುವ ಆಸೆ ಇದ್ದರೆ ನಿಮ್ಮ ಮೇಷ್ಟ್ರನ್ನು ಕೇಳಿ, ಕೋಳಿ ಅಂಗಡಿಯಲ್ಲಿ ಬಿಸಾಡುವ ಸಣ್ಣ ಕರುಳನ್ನು ತಕ್ಷಣ ಟೈರೋಡ್ ಎಂಬ ಲವಣ ದ್ರಾವಣಕ್ಕೆ ಹಾಕಿ ತಂದರೆ, ಅಂಗದ ತುಂಡನ್ನು ಜೀವಂತ ಇಡುವ ಆರ್ಗನ್ ಬಾತ್ ಪಾತ್ರೆಯಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ.

ಇನ್ನು ಚಿಪ್. ಹೆಸರು ಕೇಳಿದರೆ ಕಂಪ್ಯೂಟರಿನ ಚಿಪ್ ನೆನಪಾಗುತ್ತದೆ, ಆದರೆ ಇದು ಪೆನ್ ಡ್ರೈವ್ ಗಾತ್ರದ, ಆರಪಾರ ಕಾಣುವ, ಮೆತ್ತನೆಯ ಸಿಲಿಕೋನ್ ತುಂಡು. ಒಳಗೆ ಕೂದಲೆಳೆಯಷ್ಟು ಸಣ್ಣ ಎರಡು ಕಾಲುವೆ, ಒಂದರ ಮೇಲೊಂದು. ನಡುವೆ ಸಣ್ಣ ಸಣ್ಣ ರಂಧ್ರಗಳಿರುವ ಪೊರೆ. ಲಿವರ್ ಚಿಪ್ ಆದರೆ ಮೇಲಿನ ಕಾಲುವೆಯಲ್ಲಿ ಮನುಷ್ಯರ ಲಿವರ್ ಜೀವಕೋಶಗಳು, ಕೆಳಗಿನದರಲ್ಲಿ ರಕ್ತನಾಳದ ಒಳಪದರದ ಜೀವಕೋಶಗಳು. ಸಣ್ಣ ಪಂಪು ಪೋಷಕ ದ್ರವವನ್ನು ಹರಿಸುತ್ತಲೇ ಇರುತ್ತದೆ, ಮೈಯಲ್ಲಿ ರಕ್ತ ಹರಿದ ಹಾಗೆ. ಸುಮ್ಮನೆ ಗಾಜಿನ ತಟ್ಟೆಯಲ್ಲಿ ಬೆಳೆಸಿದ ಲಿವರ್ ಜೀವಕೋಶಗಳು ಕೆಲವೇ ದಿನದಲ್ಲಿ ತಮ್ಮ ಕೆಲಸ ಮರೆಯುತ್ತವೆ, ಹರಿವು ಮತ್ತು ಪಕ್ಕದ ಜೀವಕೋಶಗಳ ಸಂಗ ಸಿಕ್ಕರೆ ವಾರಗಟ್ಟಲೆ ಆಲ್ಬುಮಿನ್ ಎಂಬ ಪ್ರೋಟೀನು ತಯಾರಿಸುತ್ತಲೇ ಇರುತ್ತವೆ. ಆ ದ್ರವದಲ್ಲಿ ಔಷಧ ಬೆರೆಸಿ, ಹೊರಬರುವ ದ್ರವದಲ್ಲಿ ಆಲ್ಬುಮಿನ್ ಇಳಿಯಿತಾ, ಲಿವರ್ ಜೀವಕೋಶ ಕೆಟ್ಟಾಗ ಸೋರುವ ಎಎಲ್‌ಟಿ ಏರಿತಾ ಎಂದು ನೋಡುತ್ತಾರೆ. ನಮ್ಮ ರಕ್ತ ಪರೀಕ್ಷೆಯ ಚೀಟಿಯಲ್ಲಿ ಇರುವುದೂ ಇವೇ ಅಲ್ವಾ? ಹಾರ್ವರ್ಡ್‌ನ ಡೊನಾಲ್ಡ್ ಇಂಗ್‌ಬರ್ ತಂಡ 2010ರಲ್ಲಿ ಶ್ವಾಸಕೋಶದ ಚಿಪ್ ಮಾಡಿ ತೋರಿಸಿದ ಮೇಲೆ ಈ ಕೆಲಸಕ್ಕೆ ವೇಗ ಬಂತು. 2022ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 27 ಔಷಧಗಳನ್ನು ಲಿವರ್ ಚಿಪ್‌ನಲ್ಲಿ ಹಾಕಿ ನೋಡಿದರು. ಪ್ರಾಣಿ ಪರೀಕ್ಷೆ ದಾಟಿ ಬಂದು ಆಮೇಲೆ ರೋಗಿಗಳ ಲಿವರ್ ಕೆಡಿಸಿದ್ದ ಔಷಧಗಳಲ್ಲಿ ಶೇ. 87ರಷ್ಟನ್ನು ಚಿಪ್ ಹಿಡಿಯಿತು. ಒಳ್ಳೆಯ ಔಷಧ ಯಾವುದನ್ನೂ ಕೆಟ್ಟದ್ದು ಅನ್ನಲಿಲ್ಲ. ನನಗೆ ಈ ಎರಡನೆಯ ಮಾತೇ ಜಾಸ್ತಿ ಮುಖ್ಯ ಅನಿಸುತ್ತದೆ, ಯಾಕಂದರೆ ಸುಳ್ಳು ಎಚ್ಚರಿಕೆಗೆ ಬಲಿಯಾದ ಒಳ್ಳೆಯ ಔಷಧಗಳ ಲೆಕ್ಕ ಯಾರೂ ಇಟ್ಟಿಲ್ಲ.

ಹೃದಯಕ್ಕೂ ದಾರಿ ಇದೆ. 2007ರಲ್ಲಿ ಜಪಾನಿನ ಯಮನಾಕಾ ಅವರು ಮನುಷ್ಯರ ಚರ್ಮದ ಜೀವಕೋಶವನ್ನು ಮತ್ತೆ ಯಾವ ಅಂಗದ ಜೀವಕೋಶವಾಗಿಯಾದರೂ ಬೆಳೆಯಬಲ್ಲ ಕಾಂಡಕೋಶವಾಗಿ ತಿರುಗಿಸಿ ತೋರಿಸಿದರು, ಅವರಿಗೆ 2012ರಲ್ಲಿ ನೊಬೆಲ್ ಬಂತು. ಅಂಥ ಕಾಂಡಕೋಶದಿಂದ ಬೆಳೆಸಿದ ಹೃದಯದ ಜೀವಕೋಶಗಳು ತಟ್ಟೆಯಲ್ಲೇ ಬಡಿಯುತ್ತವೆ, ಸೂಕ್ಷ್ಮದರ್ಶಕದ ಕೆಳಗೆ ಕಣ್ಣಾರೆ ಕಾಣುತ್ತದೆ. ಔಷಧ ಹಾಕಿದಾಗ ತಾಳ ತಪ್ಪಿದರೆ ಅಲ್ಲೇ ಗೊತ್ತಾಗುತ್ತದೆ.

ಕೊರತೆಗಳೂ ಇವೆ, ನೀವು ಈ ಕೆಲಸಕ್ಕೆ ಬರುವವರಾದ್ದರಿಂದ ಮುಚ್ಚಿಡುವುದಿಲ್ಲ. ಗರ್ಭದಲ್ಲಿ ಮಗು ಬೆಳೆಯುವ ರೀತಿ, ವರ್ಷಗಟ್ಟಲೆ ಔಷಧ ತಿಂದರೆ ಆಗುವ ಪರಿಣಾಮ, ಮರೆವು, ಮಂಕು, ಇವನ್ನು ಒಂದು ಚಿಪ್ ಹೇಳಲಾರದು. ಇನ್ನೊಂದು, ಜೀವಕೋಶ ಬೆಳೆಸಲು ಬಹಳ ಲ್ಯಾಬ್‌ಗಳಲ್ಲಿ ಇವತ್ತಿಗೂ ಹಾಕುವುದು ಎಫ್‌ಬಿಎಸ್ ಎಂಬ ಸೀರಮ್. ಅದು ಕಸಾಯಿಖಾನೆಗೆ ಬಂದ ಗಬ್ಬದ ಹಸುವಿನ ಹೊಟ್ಟೆಯ ಕರುವಿನ ರಕ್ತದಿಂದ ತೆಗೆದದ್ದು. ಪ್ರಾಣಿ ಬಳಸಿಲ್ಲ ಎಂದು ಪ್ರಬಂಧದಲ್ಲಿ ಬರೆಯುವ ಮೊದಲು ಬಾಟಲಿಯ ಲೇಬಲ್ ನೋಡಿ. ಸೀರಮ್ ಇಲ್ಲದ ಮಾಧ್ಯಮಗಳು ಈಗ ಸಿಗುತ್ತವೆ, ದುಬಾರಿ. ಇಂಥದ್ದನ್ನು ಅಗ್ಗದಲ್ಲಿ ನಮ್ಮಲ್ಲೇ ಮಾಡುವುದು ನಿಮ್ಮ ತಲೆಮಾರಿನ ಕೆಲಸ ಆಗಲಿ ಅಂತ ಮನಸಾರೆ ಆಸೆಪಡುತ್ತೇನೆ. ಹೈದರಾಬಾದಿನ ಜೀವಕೋಶ ಸಂಶೋಧನಾ ಸಂಸ್ಥೆ ಸಿಸಿಎಂಬಿ ಹತ್ತಿರದ ದಾರಿ, ಅಲ್ಲಿ ಈ ವಿಷಯಕ್ಕೆಂದೇ ಕೆಲಸ ನಡೆದಿದೆ.

ಪ್ರಶ್ನೆ: ಔಷಧ ಪರೀಕ್ಷೆಗೆ ನಮ್ಮ ಮುಧೋಳದ ನಾಯಿಗಳನ್ನೂ ಒಯ್ಯುತ್ತಾರಾ?
– ನಾಯಿ ಸಾಕಣೆದಾರರು, ಮುಧೋಳ

ಉತ್ತರ: ಇಲ್ಲ ಅಣ್ಣಾರೆ. ಲ್ಯಾಬಿನಲ್ಲಿ ಬಳಸುವುದು ಸಾಮಾನ್ಯವಾಗಿ ಬೀಗಲ್ ತಳಿ. ಗಾತ್ರ ಸಣ್ಣದು, ಸ್ವಭಾವ ಬಹಳ ಸಾಧು, ಸೂಜಿ ಚುಚ್ಚಿದರೂ ಕಚ್ಚುವುದಿಲ್ಲ. ಅದರ ಒಳ್ಳೆಯತನವೇ ಅದಕ್ಕೆ ಮುಳುವಾಗಿದೆ ಎಂಬುದು ನನ್ನನ್ನು ಕಾಡುತ್ತದೆ. ನಮ್ಮಲ್ಲಿ ಪ್ರಾಣಿ ಪ್ರಯೋಗಗಳ ಮೇಲೆ ಕಣ್ಣಿಡುವ ಸಿಸಿಎಸ್‌ಇಎ ಎಂಬ ಕೇಂದ್ರ ಸಮಿತಿ ಇದೆ, 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಬಂದದ್ದು. ನೋಂದಣಿ ಇಲ್ಲದ ಕಡೆಯಿಂದ ನಾಯಿ ತರುವಂತಿಲ್ಲ, ಸಂಸ್ಥೆಯ ನೈತಿಕ ಸಮಿತಿ ಒಪ್ಪದೆ ಪ್ರಯೋಗ ಮಾಡುವಂತಿಲ್ಲ.

ನಿಮಗೆ ಉಪಯೋಗ ಆಗುವ ಮಾತೊಂದಿದೆ. ನಾಯಿ ನಾಯಿಗೂ ಫರಕು ಇರುತ್ತದೆ. ಗ್ರೇಹೌಂಡ್‌ನಂಥ ಬೇಟೆ ನಾಯಿಗಳಿಗೆ ಥಯೋಪೆಂಟಾಲ್ ಎಂಬ ಅರಿವಳಿಕೆ ಕೊಟ್ಟರೆ ಬೇರೆ ತಳಿಗಳಿಗಿಂತ ಬಹಳ ತಡವಾಗಿ ಎಚ್ಚರಾಗುತ್ತವೆ. ಮುಧೋಳವೂ ಅದೇ ಬಗೆಯ ತೆಳುಮೈಯ ಬೇಟೆ ನಾಯಿ. ಆಪರೇಷನ್ ಇದ್ದರೆ ಇದನ್ನು ಡಾಕ್ಟರಿಗೆ ನೆನಪಿಸಿ. ಒಂದು ನಾಯಿ ಇನ್ನೊಂದು ನಾಯಿಯ ಬಗ್ಗೆಯೇ ಪೂರ್ತಿ ಹೇಳಲಾರದು ಅಂದಮೇಲೆ ಮನುಷ್ಯರ ಬಗ್ಗೆ ಎಷ್ಟು ಹೇಳೀತು?

ಪ್ರಶ್ನೆ: ನಾನು ಟಿಳಕವಾಡಿಯವನು. ನಮ್ಮ ವ್ಯಾಕ್ಸಿನ್ ಡಿಪೋದಲ್ಲಿ ಹಿಂದೆ ಕರುಗಳ ಮೈಮೇಲೆ ಸಿಡುಬಿನ ಲಸಿಕೆ ಬೆಳೆಸುತ್ತಿದ್ದರಂತೆ. ಇವತ್ತಿಗೂ ಹೀಗೇ ನಡೆಯುತ್ತದಾ?
– ನಿವೃತ್ತ ಶಿಕ್ಷಕರು, ಬೆಳಗಾವಿ

ಉತ್ತರ: ಗುರುಗಳೇ, ಸಿಡುಬಿನ ಲಸಿಕೆ ಆ ಕಾಲದಲ್ಲಿ ಬಹಳ ಕಡೆ ಕರುವಿನ ಚರ್ಮದ ಮೇಲೇ ಬೆಳೆಯುತ್ತಿತ್ತು. ಹುಚ್ಚುನಾಯಿ ಕಚ್ಚಿದರೆ ಹೊಟ್ಟೆಗೆ ಸಾಲಾಗಿ ಹಾಕುತ್ತಿದ್ದ ಇಂಜೆಕ್ಷನ್ ನಿಮಗೆ ನೆನಪಿರಬೇಕು. ಅದು ಕುರಿಯ ಮೆದುಳಿನಿಂದ ಮಾಡಿದ್ದು, ಕೆಲವರಿಗೆ ಅದರಿಂದಲೇ ನರಗಳಿಗೆ ಪೆಟ್ಟು ಬೀಳುತ್ತಿತ್ತು. 2005ರ ಹೊತ್ತಿಗೆ ನಮ್ಮ ದೇಶ ಅದನ್ನು ಪೂರ್ತಿ ಬಿಟ್ಟಿತು. ಈಗಿನದು ಜೀವಕೋಶಗಳಲ್ಲಿ ಬೆಳೆಸಿದ್ದು, ತೋಳಿಗೆ ಕೊಡುತ್ತಾರೆ. ಕುರಿಯೂ ಉಳಿಯಿತು, ಲಸಿಕೆಯೂ ಮೊದಲಿಗಿಂತ ಸುರಕ್ಷಿತವಾಯಿತು.

ಪರೀಕ್ಷೆಯಲ್ಲೂ ಹಾಗೇ ಆಗಿದೆ. ಸಲೈನ್ ಹಚ್ಚಿದಾಗ ಚಳಿ ಜ್ವರ ಬರಿಸುವ ಕಲ್ಮಶ ಬಾಟಲಿಯಲ್ಲಿ ಇದೆಯೇ ಎಂದು ನೋಡಲು ಮೊದಲು ಮೂರು ಮೊಲಗಳ ಕಿವಿಯ ರಕ್ತನಾಳಕ್ಕೆ ಅದನ್ನು ಚುಚ್ಚಿ, ಹಿಂದಿನಿಂದ ಥರ್ಮಾಮೀಟರ್ ಹಾಕಿ, ಮೂರು ಗಂಟೆ ಅಲ್ಲಾಡದಂತೆ ಹಿಡಿದಿಡುತ್ತಿದ್ದರು. ಆಮೇಲೆ ಹಾರ್ಸ್‌ಶೂ ಕ್ರ್ಯಾಬ್ ಎಂಬ ಕಡಲಜೀವಿಯ ನೀಲಿ ರಕ್ತದ ಪರೀಕ್ಷೆ ಬಂತು. ಈಗ ಆ ರಕ್ತದ ಮುಖ್ಯ ಅಂಶವನ್ನೇ ಲ್ಯಾಬಿನಲ್ಲಿ ತಯಾರಿಸುತ್ತಾರೆ, ಮನುಷ್ಯರ ರಕ್ತದ ಬಿಳಿಕಣ ಬಳಸುವ ಪರೀಕ್ಷೆಯೂ ಇದೆ. ಔಷಧಗಳ ಗುಣಮಟ್ಟ ಹೇಗಿರಬೇಕೆಂದು ಹೇಳುವ ಅಧಿಕೃತ ಗ್ರಂಥ, 2018ರ ಇಂಡಿಯನ್ ಫಾರ್ಮಕೊಪಿಯ, ಮೊಲದ ಬದಲು ಇಂಥ ಪರೀಕ್ಷೆಗಳಿಗೆ ದಾರಿ ಮಾಡಿತು. ಬದಲಿ ಸಿದ್ಧ ಇದ್ದೂ ಹಳೆಯ ರೂಢಿ ಅಂತ ಮೊಲ ಹಿಡಿಯುವವರನ್ನು ನಾನು ಒಪ್ಪುವುದಿಲ್ಲ. ಅದಕ್ಕೆ ಯಾವ ನೆಪವೂ ಇಲ್ಲ.

ಪ್ರಶ್ನೆ: ಹಾವಿನ ಇಂಜೆಕ್ಷನ್ ಕುದುರೆಯಿಂದ ಮಾಡುತ್ತಾರಂತೆ. ಅದನ್ನೂ ನಿಲ್ಲಿಸಿದರೆ ಕಬ್ಬಿನ ಗದ್ದೆಯಲ್ಲಿ ದುಡಿಯುವ ನಾವೇನು ಮಾಡಬೇಕು?
– ರೈತರು, ಜಮಖಂಡಿ

ಉತ್ತರ: ಅದನ್ನು ಇವತ್ತು ಯಾರೂ ನಿಲ್ಲಿಸುತ್ತಿಲ್ಲ, ನಿಲ್ಲಿಸಲೂಬಾರದು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷವನ್ನು ಸ್ವಲ್ಪ ಸ್ವಲ್ಪ ಕುದುರೆಗೆ ಕೊಟ್ಟು, ಅದರ ರಕ್ತದಲ್ಲಿ ಹುಟ್ಟುವ ಪ್ರತಿಕಾಯಗಳನ್ನು ತೆಗೆದು ಔಷಧ ಮಾಡುತ್ತಾರೆ. ಅದರ ಶಕ್ತಿ ನೋಡುವುದು ಇಲಿಗಳ ಮೇಲೆ. ಸದ್ಯಕ್ಕೆ ಆಸ್ಪತ್ರೆಯಲ್ಲಿ ಜೀವ ಉಳಿಸುವುದು ಇದೊಂದೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಸುನಗರ್ ಅವರ ತಂಡ, ಅಮೆರಿಕದ ವಿಜ್ಞಾನಿಗಳ ಜೊತೆ ಸೇರಿ, ನಾಗರಹಾವು ಕಟ್ಟುಹಾವುಗಳ ವಿಷದ ಒಂದು ಮುಖ್ಯ ಅಂಶವನ್ನು ತಡೆಯುವ ಪ್ರತಿಕಾಯವನ್ನು ಕುದುರೆ ಇಲ್ಲದೆ ಲ್ಯಾಬಿನಲ್ಲೇ ಮಾಡಿ 2024ರಲ್ಲಿ ಪ್ರಕಟಿಸಿದೆ. ಅದನ್ನೂ ಇಲಿಗಳ ಮೇಲೇ ಪರೀಕ್ಷಿಸಬೇಕಾಯಿತು. ಮಂಡಲದ ಹಾವುಗಳ ವಿಷ ಇನ್ನೂ ಜಟಿಲ. ಹಾವು ಕಚ್ಚಿದರೆ ಕಟ್ಟಬೇಡಿ, ಕೊಯ್ಯಬೇಡಿ, ಕಾಲು ಅಲ್ಲಾಡಿಸದೆ ನೇರ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ನಾನು ಬಿಪಿ ಗುಳಿಗೆ ತಗೊಳ್ಳುತ್ತೇನೆ. ನಿಮ್ಮ ಲೇಖನ ಓದಿದ ಮೇಲೆ ಅದಕ್ಕಾಗಿ ಎಷ್ಟು ಜೀವ ಹೋಗಿವೆಯೋ ಅಂತ ಮನಸ್ಸು ಒಪ್ಪುತ್ತಿಲ್ಲ. ಪ್ರಾಣಿಗಳ ಮೇಲೆ ಪರೀಕ್ಷೆ ಆಗದ ಗುಳಿಗೆ ಸಿಗುತ್ತದಾ?
– ಓದುಗರು, ಗೋಕಾಕ

ಉತ್ತರ: ಸಿಗುವುದಿಲ್ಲ, ತಾಯಿ. ಸೋಪು, ಕ್ರೀಮು, ಲಿಪ್‌ಸ್ಟಿಕ್ ಆದರೆ ಮಾತು ಬೇರೆ, ಅವುಗಳಿಗೆ ಪ್ರಾಣಿ ಪರೀಕ್ಷೆಯನ್ನು ನಮ್ಮ ದೇಶ 2014ರಲ್ಲೇ ನಿಷೇಧಿಸಿದೆ. ಬಿಪಿ ಗುಳಿಗೆಗಳ ಪರೀಕ್ಷೆ ದಶಕಗಳ ಹಿಂದೆಯೇ ಮುಗಿದಿದೆ. ನೀವು ಬಿಟ್ಟರೆ ಒಂದು ಇಲಿಯೂ ಉಳಿಯುವುದಿಲ್ಲ, ನಿಮಗೆ ಮಾತ್ರ ಪಾರ್ಶ್ವವಾಯು ಹೊಡೆಯಬಹುದು. ನಿಮ್ಮ ಸಂಕಟ ದೊಡ್ಡದು, ಅದನ್ನು ಗೌರವಿಸುತ್ತೇನೆ. ಆದರೆ ಗುಳಿಗೆ ನಿಲ್ಲಿಸಬೇಡಿ. ನಾಲ್ಕು ದಿನ ಬಿಟ್ಟಿದ್ದೇನೆ ಎಂದು ಪತ್ರದ ಕೊನೆಗೆ ಬರೆದಿದ್ದೀರಿ, ಇವತ್ತೇ ಡಾಕ್ಟರ ಹತ್ತಿರ ಹೋಗಿ ಬಿಪಿ ನೋಡಿಸಿಕೊಂಡು ಮತ್ತೆ ಶುರು ಮಾಡಿ.